ಮೊದಲ ಸಾಲಲ್ಲೇ ಹೇಳಿದ್ದು

ಫೆಬ್ರವರಿ 9, ಭಾನುವಾರ

ನನ್ನ ಇಂಗ್ಲಿಷ್ ಪ್ರಬಂಧದ ಮೊದಲ ಪುಟಕ್ಕೆ ಪೂರ್ತಿ ಕೆಂಪು ಗೆರೆ ಎಳೆದಿದ್ದರು ಮೇಡಂ. ‘ಹೇಳೋದನ್ನ ಮೊದಲ ಸಾಲಲ್ಲೇ ಹೇಳು, ಕಾರಣ ಆಮೇಲೆ. ಸುತ್ತಿ ಬಳಸಿ ಬರೀಬೇಡ.’ ದಿಂಡಿಗಲ್ ಕಾಲೇಜಿಗೆ ಸೇರಿದಾಗಿಂದ ಇದೇ ಪಾಠ. ನಾನೂ ಕಲಿತೆ, ಮಹಾ ಜಾಣೆ.

ಇವತ್ತು ಗೂಡಲೂರಿಂದ ಸೋದರಮಾವ ಮನೆಗೆ ಬಂದಿದ್ದರು, ಮಗ ರಾಮ್‌ಕುಮಾರನಿಗೆ ನನ್ನನ್ನ ಹೆಣ್ಣು ಕೇಳೋಕೆ. ನಮ್ಮವರ ಪದ್ಧತಿಯಂತೆ ಮೊದಲು ನೀರು ಕುಡಿದರು. ದ್ರಾಕ್ಷಿ ಬೆಳೆ ಹೇಗಿದೆ ಅಂದರು, ಗದ್ದೆಗೆ ನೀರು ಬಿಟ್ಟರಾ ಅಂದರು. ಅವರು ವಿಷಯಕ್ಕೆ ಬರೋ ಮೊದಲೇ ನಾನು ಬಾಯಿ ಹಾಕಿದೆ.

‘ಮಾವ, ನಾನು ರಾಮ್‌ಕುಮಾರನ್ನ ಕಟ್ಟಿಕೊಳ್ಳಲ್ಲ. ಯಾಕಂದ್ರೆ...’

ಮಾವ ಅರ್ಧ ಕಾಫಿ ಬಿಟ್ಟು ಎದ್ದರು. ‘ಸರಿಮ್ಮಾ’ ಅಂದು ಹೊರಟೇ ಹೋದರು.

ಅವ್ವ ಅಂದಿದ್ದು ಒಂದೇ ಮಾತು. ‘ಸಾವಿನ ಸುದ್ದಿ ಹೇಳೋಕೆ ಬಂದವನು ಮಾತ್ರ ಕಣೆ, ಹಿಂಗೆ ಬಂದ ಕಾಲಲ್ಲೇ ಹೇಳೋದು.’

ಕಾರಣಗಳಿದ್ದವು ನನ್ನ ಹತ್ತಿರ. ಒಳ್ಳೆಯ ಕಾರಣಗಳೇ, ಒಂದರ ಹಿಂದೆ ಒಂದು ಜೋಡಿಸಿಟ್ಟುಕೊಂಡಿದ್ದೆ. ಯಾರೂ ಕೇಳಲಿಲ್ಲ.

ನಾಳೆ ತಿದ್ದಿದ ಪ್ರಬಂಧ ಕೊಡಬೇಕು. ಮೇಡಂ ಚೆನ್ನಾಗಿದೆ ಅಂತಾರೆ. ಅವರು ಕೊನೇವರೆಗೂ ಓದ್ತಾರಲ್ಲ.