ಬ್ಯಾಟರಿ ಗಾಡಿಯ ದೊಡ್ಡ ಚಕ್ರ

ಯಳಂದೂರು, ೧೨ ಫೆಬ್ರವರಿ ೧೯೬೯, ಬುಧವಾರ

ಈ ಬ್ಯಾಟರಿ ಗಾಡಿ ರಿಪೇರಿ ಸಾಕಪ್ಪಾ ಸಾಕು. ಗಾಲ್ಫ್ ಆಡುವವರ ಹಳೇ ಗಾಡಿ. ಸದಾಶಿವಪ್ಪನವರು ಇದ್ದಾಗ ಊಟಿ ಕಡೆಯಿಂದ ತಂದದ್ದು. ಈಗ ಅವರ ಮಗ ಗುರುಪಾದಸ್ವಾಮಿಗೆ ಇದು ಮೋಟಾರ್‌ಸೈಕಲ್ ಥರ ಓಡಬೇಕಂತೆ. ತಾಯಿ ಶಿವರತ್ನಮ್ಮನವರಿಗೆ ಗುಡ್ಡ ಹತ್ತಿದರೆ ಸಾಕು; ಗಂಡನ ಸಮಾಧಿ ಇರುವುದು ಮೇಲಿನ ತೋಟದಲ್ಲಿ. ಹಿಂದಿನ ಅಚ್ಚಿಗೆ ಚಿಕ್ಕ ಹಲ್ಲುಚಕ್ರ ಹಾಕಿದರೆ ಓಡುತ್ತದೆ, ದೊಡ್ಡದು ಹಾಕಿದರೆ ಹತ್ತುತ್ತದೆ. ಎರಡೂ ಒಟ್ಟಿಗೆ ಆಗುವುದಿಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು.

ಬೆಳಿಗ್ಗೆ ಅವರ ಅಂಗಳದಲ್ಲಿ ಗಾಡಿಯ ಕೆಳಗೆ ಮಲಗಿದ್ದೆ. ಆಳುಗಳಿಗೆ ಹೇಳಿ ಅಮ್ಮನನ್ನು ಕುರ್ಚಿಯಲ್ಲಿ ಹೊರಿಸುತ್ತೇನೆ ಎಂದ ಮಗ. ಮಂಡಿನೋವಿನ ಆ ತಾಯಿ ಸಿಡುಕಿದರು: "ಕೂರ್ಸಿ ಒತ್ಕಂಡೋಗೋದು ಎಣಾನ ಕಣ್ಲಾ. ನಾನಿನ್ನೂ ಬದುಕಿವ್ನಿ!"

ಅವನು ಕೊಳ್ಳೇಗಾಲಕ್ಕೆ ಹೋದದ್ದೇ ತಡ, ದೊಡ್ಡ ಚಕ್ರ ಹಾಕಿದೆ. ಗಾಡಿ ಅವರನ್ನು ಕೂರಿಸಿಕೊಂಡು ನರಳುತ್ತಾ ಹತ್ತಿತು. ಪಕ್ಕದಲ್ಲಿ ನಡೆಯುತ್ತಿದ್ದ ನನಗೇ ಬೇಸರ ಬರುವಷ್ಟು ನಿಧಾನ. ಸಮಾಧಿಯ ಮುಂದೆ ಅಮ್ಮ ಇಳಿದರು. ಕಲ್ಲಿನ ಮೇಲಿನ ತರಗೆಲೆ ಸರಿಸುತ್ತಾ, "ನಡ್ಕಂಡ್ ಬರಕ್ಕಾಗ್ನಿಲ್ಲ. ಆಳ್ಗೋಳ್ ಕೈಲಿ ಒರುಸ್ಕಂಡೂ ಬರ್ನಿಲ್ಲ ಕಣ್ರಿ," ಅಂದರು. ನಾನು ಬಗ್ಗಿ ಚೈನು ನೋಡತೊಡಗಿದೆ.

ಸಂಜೆ ಮಗ ಬಂದು ಕೂಗಾಡಿದ. ಚಿಕ್ಕ ಚಕ್ರ ಎಲ್ಲೋ ಕಳೆದುಹೋಯಿತು ಎಂದೆ. ನಾಳೆ ನನ್ನ ಮನೆಗೇ ಬಂದು ಹುಡುಕುತ್ತಾನಂತೆ. ಅದು ನನ್ನ ಮಂಚದ ಕೆಳಗೇ ಇದೆ, ಕೂತಲ್ಲಿಂದ ಕಾಲು ಹಿಂದಕ್ಕೆ ಚಾಚಿದರೆ ತಗಲುತ್ತದೆ. ಗೋಡೆಯವರೆಗೆ ತಳ್ಳಿಬಿಡಬೇಕು. ಆದರೆ ಏಳಲು ಮೈ ಕೇಳುತ್ತಿಲ್ಲ.