ಕಿಡಿಗೇಡಿ ಡಬ್ಬಿ

ಬೊಬ್ಲಿಂಗೆನ್, ಜರ್ಮನಿ, ನವೆಂಬರ್ 14, ಶುಕ್ರವಾರ

ಸಾವಿತ್ರಿ ಮೈಸೂರಿನಿಂದ ತಂದ ಮಿಕ್ಸಿಯಲ್ಲಿ ಚಟ್ನಿ ತಿರುವಿದ್ದೇ ತಡ, ಇವತ್ತೂ ಅಡುಗೆಮನೆ ಕತ್ತಲಾಯಿತು. ಎಲ್ಲ ಫ್ಯೂಸ್ ಬೋರ್ಡಿನ ಆ ಹೊಸ ಬ್ರಾಂಟ್‌ಶುಟ್ಸ್‌ಶಾಲ್ಟರಿನ, ಅಂದರೆ ಬೆಂಕಿ ತಡೆಯುವ ಸ್ವಿಚ್ಚಿನ, ಕೆಲಸ. ವೈರಿನಲ್ಲಿ ಕಿಡಿ ಹಾರಿದರೆ, ಬೆಂಕಿ ಹತ್ತುವ ಮುಂಚೆ ಕರೆಂಟ್ ಕಡಿಯುತ್ತದಂತೆ. ಮಿಕ್ಸಿ ಮೋಟಾರಿನ ಮಾಮೂಲಿ ಕಿಡಿಯನ್ನೂ ಬೆಂಕಿ ಎಂದುಕೊಳ್ಳುವ ದಡ್ಡ ಡಬ್ಬಿ! ಬ್ರಾಂಟ್ ಅಲ್ಲ, ಬ್ರಾಂಡಿ ಕುಡಿದ ಶಾಲ್ಟರ್.

ಶಿಕ್ಷೆ ಮಾತ್ರ ನನಗೆ. ನಲವತ್ತು ವರ್ಷದ ದಾಂಪತ್ಯದಲ್ಲಿ ತಮಾಷೆಗೆ ಫ್ಯೂಸ್ ಕಿತ್ತು ಅವಳನ್ನು ಹೆದರಿಸಿದವನು ನಾನು. ಈಗ "ನಾನಲ್ಲ ಕಣೇ" ಅಂದರೆ ಯಾರು ನಂಬುತ್ತಾರೆ? ಮೂರು ದಿನದಿಂದ ಮಾತಿಲ್ಲ.

ಮಧ್ಯಾಹ್ನ ಎಲೆಕ್ಟ್ರಿಷಿಯನ್ ಬಂದ. ಅವನೆದುರು ಡಬ್ಬಿ ಪರಮ ಸಾಧು. ಮಿಕ್ಸಿ ಐದು ಸಲ ತಿರುಗಿದರೂ ತೆಪ್ಪಗಿತ್ತು. ಅವನು "ಆಲೆಸ್ ಇನ್ ಓರ್ಡ್ನುಂಗ್", ಎಲ್ಲ ಸರಿಯಿದೆ, ಎಂದು ಹೊರಟ. ಆಗ ಸಾವಿತ್ರಿ ಬಾಯಿ ಬಿಟ್ಟಳು: "ಕಿಡಿ ಎಲ್ಲೂ ಇಲ್ವಂತೆ. ಕಿಡಿಗೇಡಿ ಮಾತ್ರ ಇಲ್ಲೇ ಕೂತಿದಾರೆ."

ಸಂಜೆ ಅವಳು ಮತ್ತೆ ಮಿಕ್ಸಿ ಹಾಕಿದಳು; ಆರಕ್ಕೆ ಸರಿಯಾಗಿ ದೀಪ ಆರಿತು. ನಾನು ಅವಳ ಕಣ್ಣೆದುರೇ ಎರಡೂ ಕೈಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಅವಳು ಬೆರಗಾಗಿ ನಕ್ಕೇಬಿಟ್ಟಳು.

"ರೀ, ಕೂತಲ್ಲಿಂದ್ಲೇ ಹೇಗ್ರೀ ಮಾಡಿದ್ರಿ?"

ಈ ಮೆಚ್ಚುಗೆಯನ್ನು ಆ ದಡ್ಡ ಡಬ್ಬಿಗೆ ಬಿಟ್ಟುಕೊಡುವುದೇ? ಮೀಸೆ ತಿರುವಿದೆ.