ಒಂದು ಮದ್ದಿನ ಮೇಲೆ ಇನ್ನೊಂದು

ನವೆಂಬರ್ ೧೯

ಪ್ರಿಯ ಮಸಾ,

ನಿನ್ನ ಹಿತ್ತಲಿನ ಕಾಕಿ ಹಣ್ಣಿಗೆ ಕೆಂಪು ಏರಿರಲಿ, ನಿನ್ನ ಮಂಡಿನೋವು ಏರದಿರಲಿ. ಪತ್ರ ತಡವಾಯಿತು, ಕ್ಷಮಿಸು. ಊದಿದ್ದು ಕೆನ್ನೆ, ಕೈಯಲ್ಲ ನಿಜ. ಆದರೂ ಎರಡು ದವಡೆಹಲ್ಲು ಕಳೆದುಕೊಂಡವನಿಗೆ ಸೂತಕದ ರಜೆಯೆಂದು ಒಂದಿಷ್ಟು ಬೇಡವೇ?

ಫುಮಿಯೆ ಮೂರು ಹೊತ್ತೂ ನನಗೆ ಗಂಜಿ ಬಡಿಸಿ, ತಾನು ಎದುರು ಕೂತು ಮೂಲಂಗಿ ಉಪ್ಪಿನಕಾಯಿ ಕರಕರ ಅಗಿಯುತ್ತಾಳೆ. ಹಸಿವು ಅಂದರೆ, "ಅಷ್ಟೊಂದು ಮದ್ದು ತಿಂದ್ರಲ್ಲ ರೀ, ಹೊಟ್ಟೆ ತುಂಬಿಲ್ವಾ?" ಎನ್ನುತ್ತಾಳೆ.

ನಮ್ಮ ಕೋವಿಪಡೆಯ ಒಗಿನೊ ಬಂದಿದ್ದ. ಹಲ್ಲಿನ ಡಾಕ್ಟರಾದ್ದರಿಂದ ನನ್ನನ್ನು ನೋಡಿ ಅವನಿಗೆ ಸಂತೋಷವೇ ಆಯಿತು. ಪಡೆಯ ನಾಯಕನಾಗಿ ನೀನು ಹೊಸಬರಿಗೆ ಸುರಕ್ಷತೆಯ ಪಾಠ ಶುರುಮಾಡಿದ್ದೀಯಂತೆ. "ಯಾರೂ ಇವಾಸೆ ಮಾಡ್ಬೇಡ್ರಪ್ಪಾ ಅಂತಾನೆ, ಎಲ್ರೂ ನಗ್ತಾರೆ" ಎಂದ. ಕೋವಿಯೊಳಗೆ ಒಂದು ಮದ್ದಿನ ಮೇಲೆ ಇನ್ನೊಂದು ತುಂಬುವುದಕ್ಕೆ ಈಗ ನನ್ನ ಮನೆತನದ ಹೆಸರು. ಬದುಕಿರುವಾಗಲೇ ಕ್ರಿಯಾಪದವಾಗುವ ಭಾಗ್ಯ ಎಷ್ಟು ಜನಕ್ಕುಂಟು?

ಪಾಠ ಸರಿಯೇ. ಕೋಟೆ ಉತ್ಸವದಲ್ಲಿ ನಾವು ಹೊಡೆಯುವುದು ಗುಂಡಿಲ್ಲದ ಬರೀ ಮದ್ದು, ಆದರೆ ಮದ್ದಿಗೆ ಅದು ಗೊತ್ತಿರುವುದಿಲ್ಲ. ಅಷ್ಟು ಬತ್ತಿಕೋವಿಗಳು ಒಟ್ಟಿಗೆ ಗುಡುಗಿದಾಗ ನನ್ನದೂ ಗುಡುಗಿತೆಂದೇ ನಂಬಿದೆ. ಕೋವಿಯ ಪಕ್ಕದ ಪುಟ್ಟ ಬಟ್ಟಲಿನ ಮದ್ದು ಭಗ್ಗೆಂದು ಮೂಗಿಗೆ ಹೊಗೆ ಕೊಟ್ಟಿತ್ತು. ನಳಿಗೆಯೊಳಗಿನದು ಮಾತ್ರ ಗಾಢನಿದ್ದೆಯಲ್ಲಿತ್ತು. ಮತ್ತೆ ತುಂಬುವಾಗ ಮದ್ದು ಒತ್ತುವ ದೂಡುಗೋಲು ಎಷ್ಟು ಆಳಕ್ಕಿಳಿಯಿತೆಂದು ನೋಡಿದ್ದರೆ ತಿಳಿಯುತ್ತಿತ್ತು. ನಾನು ನೋಡುತ್ತಿದ್ದದ್ದು ಮೇಯರ್ ಹೆಂಡತಿಯ ಟೋಪಿಯನ್ನು.

ನೀನು "ಹೊಡೀರಿ" ಅಂದೆ. ಹೊಡೆದೆ. ನಮ್ಮ ಕೋವಿಯನ್ನು ಒತ್ತಿ ಹಿಡಿಯುವುದು ಹೆಗಲಿಗಲ್ಲ, ಕೆನ್ನೆಗೆ. ಅದು ಮಾಡಿದ ಕಪಾಳಮೋಕ್ಷಕ್ಕೆ ಶಿರಸ್ತ್ರಾಣ ಒಂದು ಕಡೆ, ನಾನೊಂದು ಕಡೆ. ಇದೂ ಪ್ರದರ್ಶನದ ಭಾಗವೆಂದುಕೊಂಡು ಜನ ಚಪ್ಪಾಳೆ ತಟ್ಟಿದರು.

ಇಂಥದ್ದು ಆಗಬಾರದೆಂದೇ ನಮ್ಮಲ್ಲೊಂದು ಕಟ್ಟಳೆ ಇದೆಯಲ್ಲ. ಬಲಕ್ಕೆ ನಿಂತವನು ಪಕ್ಕದವನ ಕೋವಿಯ ಮೇಲೆ ಕಣ್ಣಿಡಬೇಕು. ಸಿಡಿಯದಿದ್ದರೆ "ನಿಲ್ಲಿ" ಎಂದು ಕೂಗಬೇಕು. ಪ್ರದರ್ಶನ ಕೆಟ್ಟರೂ ಸರಿ, ಕೋವಿಗಳೆಲ್ಲ ಕೆಳಗಿಳಿಯಬೇಕು. ಸಾಲಿನ ಬಲತುದಿ ನಾಯಕನದು, ಅವನ ಪಕ್ಕ ನಾನು. ಮೂವತ್ತು ವರ್ಷದಿಂದ ನನ್ನ ಬಲಕ್ಕೆ ನೀನೇ.

ಆಸ್ಪತ್ರೆಗೆ ಬಂದು ನನ್ನ ಕೈ ಹಿಡಿದು, "ಆ ಹೊಗೇಲಿ ಏನೂ ಕಾಣ್ಲಿಲ್ಲ ಕಣೋ ಟೊಕು" ಅಂದೆ. ನಾನು ನಂಬಿದೆ. ವಿಚಾರಣೆಗೆ ಬಂದವರಿಗೂ ಹಾಗೆಯೇ ಹೇಳಿದೆ: ಮಸಾಗೆ ಕಾಣಲಿಲ್ಲ, ತಪ್ಪು ನನ್ನೊಬ್ಬನದೇ ಎಂದು. ನೀನು ನಾಯಕನಾಗಿ ಉಳಿದೆ. ನನ್ನನ್ನು ಪಡೆಯಿಂದ ತೆಗೆದರು. ಅದಕ್ಕೂ ದುಃಖವಿಲ್ಲ ಅಂದುಕೊಂಡಿದ್ದೆ. ಆ ದಿನದ ಮೇಲೆ ನೀನು ಈ ಕಡೆ ತಲೆ ಹಾಕದಿದ್ದಾಗಲೂ, ಪಾಪ, ಪಾಠದ ಗಡಿಬಿಡಿ ಇರಬೇಕು ಅಂದುಕೊಂಡೆ.

ನಿನ್ನ ಹಲ್ಲು, ಕಿವಿ, ಕಣ್ಣು ಬಹುಕಾಲ ಬಾಳಲಿ. ಕಣ್ಣು ವಿಶೇಷವಾಗಿ.

ನಿನ್ನ
ಇವಾಸೆ ಟೊಕುಜಿ

ಮರೆತ ಮಾತು: ಒಗಿನೊ ಎದ್ದು ಹೋದ ಮೇಲೆ ಫುಮಿಯೆ ಉಪ್ಪಿನಕಾಯಿ ಬಟ್ಟಲನ್ನು ಬದಿಗಿಟ್ಟಳು. "ನಿಮ್ ನೋವು ಇಳೀಲಿ ಅಂತ ಸುಮ್ನಿದ್ದೆ. ಎಲ್ರೂ ನಗ್ತಾರೆ ಅಂದ್ರಲ್ಲ ಅವ್ರು, ಇನ್ನು ಹೇಳ್ದೆ ಇರಕ್ಕಾಗಲ್ಲ" ಅಂದಳು. ಅವಳು ಕೂತಿದ್ದು ನಮ್ಮ ಎದುರಿಗೇ. ಹೊಗೆ ಗಾಳಿಗೆ ನನ್ನ ಎಡಕ್ಕೆ, ನಿನ್ನಿಂದ ದೂರ ಹೋಗಿತ್ತಂತೆ. ನೀನು ನನ್ನ ಕೋವಿಯನ್ನು ನೋಡಿದೆಯಂತೆ, ಆಮೇಲೆ ಮೇಯರ್ ಕಡೆ ನೋಡಿದೆಯಂತೆ. ಮದ್ದಿನ ಬಟ್ಟಲು ಇರುವುದು ಕೋವಿಯ ಬಲಮಗ್ಗುಲಿಗೆ, ಮದ್ದು ಹೆಚ್ಚಾದರೆ ಕಿಡಿ ಹಾರುವುದೂ ಬಲಕ್ಕೇ ಎಂದು ನನಗೆ ಮೊದಲು ಕಲಿಸಿದವನು ನೀನು. ಕಿಡಿ ತಾಗದಷ್ಟು ದೂರ ಸರಿದು ನಿಂತುಕೊಂಡು, ಆಮೇಲೆ "ಹೊಡೀರಿ" ಅಂದೆಯಂತೆ.